ಮುದ್ದೆ ಕಟ್ಟುವ ದೆವ್ವ

ನಗಿಸೋಣ ಅಂತ ಬಾಯಿ ಬಿಟ್ಟರೆ ಎದುರಿಗಿದ್ದವರು ಮುಖ ಸಿಂಡರಿಸುತ್ತಾರೆ, ಹೆದರಿಸೋಣ ಅಂತ ಹೊರಟರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನ್ನ ಹಣೆಬರಹವೇ ಹಾಗೆ, ಏನು ಮಾಡೋದು ಹೇಳಿ. ತೊಂಬತ್ತರ ದಶಕದಲ್ಲಿ ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಜೀವಮಾನದಲ್ಲಿ ಬರೆದದ್ದು ಒಂದೇ ಒಂದು ಕಥೆ, ಅದೂ ದೆವ್ವದ್ದು. ಒಂದು ವಾರಪತ್ರಿಕೆಯಲ್ಲಿ ಅಚ್ಚೂ ಆಗಿಬಿಟ್ಟಿತು.

ಕಥೆ ಇಷ್ಟೇ. ಬಾವಿಗೆ ಬಿದ್ದು ಸತ್ತ ಸೊಸೆಯೊಬ್ಬಳು ದಿನಾ ಕೋಳಿ ಕೂಗುವ ಮುಂಚೆ ಬಂದು, ಅಂಗಳ ಗುಡಿಸಿ, ರಂಗೋಲಿ ಬಿಟ್ಟು, ಮುದ್ದೆ ಕಟ್ಟಿಟ್ಟು ಮಾಯವಾಗುತ್ತಾಳೆ. ಆ ಮನೆಗೆ ಬಾಡಿಗೆಗೆ ಬಂದ ಯುವಕ ಒಂದು ಬೆಳಗ್ಗೆ ಒಲೆ ಮುಂದೆ ಬರೀ ಎರಡು ಕೈ ಕಂಡು, ಕಿಟಾರನೆ ಕಿರುಚಿಕೊಂಡು ಊರು ಬಿಟ್ಟು ಓಡುತ್ತಾನೆ. ಓದಿದವರು ಗಡಗಡ ನಡುಗಬೇಕು ಅಂತ ನನ್ನ ಆಸೆ. ಆದದ್ದೇನು ಅಂತ ಕೇಳಿ.

೧. ಬಾವಿಯ ಮಾನ

ಮೊದಲ ಅಭಿಪ್ರಾಯ ನಾನಿದ್ದ ಬಾಡಿಗೆ ಮನೆಯ ಯಜಮಾನಿಯದು. ಗಂಡ ತೀರಿಕೊಂಡ ಮೇಲೆ ಹಸು ಕಟ್ಟಿ, ಹಾಲು ಹಾಕಿ, ಮಗಳನ್ನು ಬಿ.ಎ. ಓದಿಸಿದ ಗಟ್ಟಿಗಿತ್ತಿ. ನನಗೆ ಚೆನ್ನಾಗಿ ಗೊತ್ತಿದ್ದ ಬಾವಿ ಮನೆ ಅಂದರೆ ಅವರದೊಂದೇ. ಹಾಗಾಗಿ ನೀಲಿ ಬಾಗಿಲು, ಕಿರ್ರೆನ್ನುವ ರಾಟೆ, ಅಂಗಳದ ಮುರುಕು ಒರಳು ಎಲ್ಲವೂ ಇದ್ದದ್ದು ಇದ್ದ ಹಾಗೇ ಕಥೆಯೊಳಗೆ ಹೋಗಿ ಕೂತಿದ್ದವು.

"ನಮ್ಮ ಬಾವಿಗೆ ಇವತ್ತಿನ ಗಂಟ ಒಂದು ಬೆಕ್ಕೂ ಬಿದ್ದಿಲ್ಲ. ನೀವು ಸೊಸೆಯನ್ನೇ ಬೀಳಿಸಿಬಿಟ್ರಲ್ಲ ಮೇಷ್ಟ್ರೇ," ಅಂದರು. ಕಣ್ಣಲ್ಲಿ ನೀರಿತ್ತು. ಮುಂದಿನ ವಾರ ಹುಲ್ಲಹಳ್ಳಿಯಿಂದ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಒಳ್ಳೆಯ ಮನೆತನ, ಫೋಟೋ ನೋಡಿ ಹುಡುಗಿಯೂ ಒಪ್ಪಿದ್ದಳು. ದೆವ್ವದ ಮನೆ ಅಂತ ಈ ಸಂಬಂಧ ಮುರಿದರೆ ಆಮೇಲೆ ಈ ಹೊಸಿಲು ಯಾರು ತುಳೀತಾರೆ ಅಂತ ಕೇಳಿದರು.

ಆದರೂ ಬರೆದವನ ಚಟ ನೋಡಿ, ಕಥೆ ಹೇಗಿತ್ತು ಅಂತ ಕೇಳಿಯೇಬಿಟ್ಟೆ.

"ಕಥೆಗೇನು, ಚೆನ್ನಾಗದೆ," ಅಂದರು. "ನಮ್ಮನೆ ಅಂತ ಊರಿಗೆಲ್ಲ ಗೊತ್ತಾಗೋವಷ್ಟು ಚೆನ್ನಾಗದೆ."

೨. ಪರೀಕ್ಷೆಗೆ ಬರುತ್ತದೆ

ಸುದ್ದಿ ಹಬ್ಬದಿರಲಿ ಅಂತ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ಆ ವಾರದ ಪ್ರತಿಗಳನ್ನೆಲ್ಲ ಕೊಂಡುಬಿಟ್ಟೆ. ಚೀಲದಲ್ಲಿ ತುಂಬಿಕೊಂಡು ಬಂದು ಮಂಚದ ಕೆಳಗೆ ತಳ್ಳಿ ನೆಮ್ಮದಿಯಾಗಿ ಮಲಗಿದೆ.

ಮಾರನೆಯ ದಿನ ನೋಡಿದರೆ ಅಂಗಡಿ ಮುಂದೆ ತೋರಣ ಕಟ್ಟಿದ ಹಾಗೆ ಅದೇ ಪತ್ರಿಕೆ ತೂಗುತ್ತಿದೆ. ಅಂಗಡಿಯವನು ಮೈಸೂರಿನಿಂದ ಹೊಸ ಕಟ್ಟು ತರಿಸಿದ್ದ. ಕೊಳ್ಳುವವರ ಸಾಲಿನಲ್ಲಿ ನನ್ನ ಹತ್ತನೇ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರೇ ನಿಂತಿದ್ದಾರೆ. ಇದೇನಯ್ಯ ಅಂದೆ.

"ವಿಜ್ಞಾನದ ಮೇಷ್ಟ್ರು ನೀವೇ ಒಂದೂ ಬಿಡದೆ ತಗೊಂಡೋದ್ರಲ್ಲ ಸಾ," ಅಂದ. "ಪಬ್ಲಿಕ್ ಪರೀಕ್ಷೇಲಿ ಬತ್ತದಂತೆ."

೩. ಬಸ್ಸಿನ ಅಜ್ಜಿ

ಶನಿವಾರ ನಂಜನಗೂಡಿಗೆ ಹೊರಟೆ, ಅದು ನನ್ನ ಊರು. ಬಸ್ಸಿನಲ್ಲಿ ಮುಂದಿನ ಸೀಟಿನ ಕಾಲೇಜು ಹುಡುಗಿಯೊಬ್ಬಳು ಪಕ್ಕದಲ್ಲಿದ್ದ ಅಜ್ಜಿಗೆ ನನ್ನ ಕಥೆಯನ್ನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಎರಡು ಕೈ ಕಾಣುವ ಜಾಗ ಬಂದಾಗ ನಾನು ಉಸಿರು ಬಿಗಿಹಿಡಿದು ಕೂತೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, ಮುದ್ದೆ ಗಂಟಾಗಿತ್ತಾ ಅಂತ ಕೇಳಿತು. ಹುಡುಗಿ ಪುಟ ಹಿಂದಕ್ಕೆ ತಿರುವಿ ನೋಡಿ, ಇಲ್ಲ, ಬೆಣ್ಣೆ ಹಂಗಿತ್ತಂತೆ ಅಂದಳು.

ಅಲ್ಲಿಂದ ಬಸ್ಸಿಗೆ ಬಸ್ಸೇ ಮಾತಿಗಿಳಿಯಿತು. ಓಡಿಹೋದ ಯುವಕನಿಗೆ ಎಲ್ಲರೂ ಸೇರಿ ಮಂಗಳಾರತಿ ಎತ್ತಿದರು. ಕೂತಲ್ಲಿಗೆ ಮುದ್ದೆ ಬಂದರೂ ಉಣ್ಣುವ ಯೋಗ್ಯತೆ ಇಲ್ಲದವನು ಅಂದರು. ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿ, ಮುದ್ದೆ ಸರಿ, ಉಪ್ಸಾರು ಯಾರು ಮಾಡೋರು ಅಂತ ಸಂದೇಹ ಎತ್ತಿದ. ನನಗೆ ರೇಗಿಹೋಯಿತು. ಕಷ್ಟಪಟ್ಟು ಬರೆದದ್ದು ಭಯಕ್ಕೆ, ಇವರು ಸಾರಿನ ಲೆಕ್ಕ ಕೇಳುತ್ತಿದ್ದಾರೆ. ತಡೆಯಲಾರದೆ ಬಗ್ಗಿ, ಅಜ್ಜಿ, ಅದು ದೆವ್ವ, ನಿಮಗೆ ಭಯ ಆಗಲಿಲ್ವಾ ಅಂದೆ.

ಅಜ್ಜಿ ಎಲೆ ಬಾಯಿಗಿಟ್ಟುಕೊಂಡು ನನ್ನನ್ನು ಕನಿಕರದಿಂದ ನೋಡಿತು. "ಸತ್ತೋಳಿಗೆ ಯಾಕಪ್ಪ ಭಯ? ನಮ್ಮಟ್ಟೀಲಿ ಬದ್ಕಿರೋ ಸೊಸೆ ಒಬ್ಳವಳೆ, ಬಂದು ನೋಡು. ಅದು ಭಯ."

೪. ತಿಥಿ ಇಲ್ಲದ ಸಾವು

ಇತ್ತ ಯಜಮಾನಿ ಸುಮ್ಮನೆ ಕೂರುವ ಪೈಕಿಯಲ್ಲ. ಇಲ್ಲದ ದೆವ್ವವೇ ಆಗಲಿ, ಗಂಡಿನ ಕಡೆಯವರು ಬರುವ ಮುಂಚೆ ಅದಕ್ಕೊಂದು ಮುಕ್ತಿ ಕೊಡಿಸಿದರೆ ಹೇಳಿಕೊಳ್ಳಲಿಕ್ಕಾದರೂ ಆಯಿತು ಅಂತ, ನನ್ನನ್ನು ಸಂಗಮದ ಹತ್ತಿರದ ಪುರೋಹಿತರೊಬ್ಬರ ಬಳಿಗೆ ಎಳೆದುಕೊಂಡು ಹೋದರು.

ಅವರು ಎಳ್ಳು, ದರ್ಭೆ ತೆಗೆದಿಟ್ಟು ಸತ್ತವಳ ಹೆಸರು, ಗೋತ್ರ, ತಿಥಿ ಕೇಳಿದರು. ನಾನು ಕೈಮುಗಿದು, ಆಕೆ ಸತ್ತಿಲ್ಲ ಸ್ವಾಮಿ, ಹುಟ್ಟೇ ಇಲ್ಲ, ಕಥೆಯಲ್ಲಿ ಬರುವವಳು ಅಂದೆ. ಕಥೆಯಲ್ಲೇ ಸಾಯಲಿ, ಸತ್ತ ತಿಥಿ ಬೇಕಲ್ಲ ಅಂದರು. ಬರೆದಿಲ್ಲ ಅಂದೆ. ನಂಬದೆ ಪತ್ರಿಕೆಯನ್ನು ಇಸಕೊಂಡು, ಕನ್ನಡಕ ಏರಿಸಿ, ಮೊದಲಿಂದ ಕೊನೆಯವರೆಗೆ ಓದಿ ದರ್ಭೆಯನ್ನು ವಾಪಸ್ಸು ಕಟ್ಟಿಟ್ಟರು.

"ಹೆಸರಿಲ್ಲ, ಗೋತ್ರವಿಲ್ಲ, ತಿಥಿಯಿಲ್ಲ. ಇಷ್ಟು ಬೇಜವಾಬ್ದಾರಿಯಿಂದ ಸಾಯಿಸಿದರೆ ದೆವ್ವವಾಗದೆ ಇನ್ನೇನಾಗ್ತಾಳೆ ಸ್ವಾಮಿ?"

೫. ಹೆಣ್ಣು ನೋಡುವ ದಿನ

ಕಡೆಗೆ ಯಜಮಾನಿ ಮನೆಯ ವೇಷವನ್ನೇ ಬದಲಾಯಿಸಿದರು. ನೀಲಿ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದರು. ಒರಳನ್ನು ಕೊಟ್ಟಿಗೆಗೆ ಉರುಳಿಸಿದರು. ಬಾವಿಗೆ ಹಲಗೆ ಮುಚ್ಚಿ ಮೇಲೆ ಹಪ್ಪಳ ಒಣಗಿಹಾಕಿದರು. ಯಾರಾದರೂ ಕೇಳಿದರೆ ರೇಷ್ಮೆ ಇಲಾಖೆಯವನು ಅಂತ ಹೇಳಬೇಕೆಂದು ನನಗೂ ತಾಕೀತಾಯಿತು.

ಹುಲ್ಲಹಳ್ಳಿಯವರು ಬಂದರು. ಗಂಡು, ಅವನ ತಂದೆ, ತಾಯಿ. ಬಣ್ಣ ಸರಿಯಾಗಿ ಒಣಗಿರಲಿಲ್ಲ. ತಂದೆ ಬಾಗಿಲಿಗೆ ಒರಗಿದವರು ಬಿಳಿ ಜುಬ್ಬದ ತುಂಬ ಹಸಿರು ಬಳಿದುಕೊಂಡೇ ಒಳಗೆ ಬಂದು ಕೂತರು. ತಾಯಿ ಕೂರಲೇ ಇಲ್ಲ. ನೇರ ಹಿತ್ತಲಿಗೆ ಹೋಗಿ, ಹಪ್ಪಳ, ಹಲಗೆ ಸರಿಸಿ ಬಾವಿ ಇಣುಕಿ, ಅಡುಗೆಮನೆಯ ಒಲೆ ನೋಡಿ, ವಾಪಸ್ಸು ಬಂದು ನನ್ನ ಕಡೆ ಕೈ ತೋರಿಸಿದರು. "ಕಥೆ ಬರ್ದ ಮೇಷ್ಟ್ರು ಇವ್ರೇ ಅಲ್ವಾ?"

ಯಜಮಾನಿ ಹಿಡಿದಿದ್ದ ಕಾಫಿ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟರು. ನಾನು ಎದ್ದು ನಿಂತು, ದೇವರಾಣೆಗೂ ಈ ಮನೆಯಲ್ಲಿ ದೆವ್ವ ಇಲ್ಲ ತಾಯಿ, ಎಲ್ಲ ನನ್ನ ತಲೆಯಿಂದ ಹುಟ್ಟಿದ್ದು ಅಂದೆ.

ಆ ತಾಯಿಯ ಮುಖ ಸಪ್ಪಗಾಯಿತು. ಅವರ ಗದ್ದೆಗೆ, ಕಬ್ಬಿಗೆ ಬರುವ ಆಳುಗಳಿಗೆಲ್ಲ ಮುದ್ದೆ ಕಟ್ಟಿ ಕಟ್ಟಿ ರಟ್ಟೆ ಬಿದ್ದುಹೋಗಿದೆಯಂತೆ. ತಮ್ಮ ಮಗಳ ಕೈಲಿ ಕಥೆ ಓದಿಸಿ ಕೇಳಿದ್ದರು. ಹುಡುಗಿಯ ಜೊತೆ ಮುದ್ದೆ ಕಟ್ಟುವ ಆ ದೆವ್ವವೂ ಬರುತ್ತದೆ ಅಂತ ನಂಬಿಕೊಂಡೇ ಬಂದದ್ದಂತೆ.

ತಂದೆ ಜುಬ್ಬ ಕೊಡವಿಕೊಂಡು ಎದ್ದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಅಂದರು. ನಮ್ಮ ಕಡೆ ಆ ಮಾತಿಗೆ ಏನರ್ಥ ಅಂತ ಕೂಸಿಗೂ ಗೊತ್ತು. ಯಜಮಾನಿ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಸುಳ್ಳು ಬರೆದು ಕೆಡಿಸಿದ್ದು ಸಾಲದು ಅಂತ ನಿಜ ಹೇಳಿ ಕೆಡಿಸಿದ್ದೆ.

ಆಗ ಅಡುಗೆಮನೆಯ ಬಾಗಿಲಿಂದ ಹುಡುಗಿ ಮಾತಾಡಿದಳು.

"ಮೇಷ್ಟ್ರಿಗೇನು ಗೊತ್ತು ಅತ್ತೆ? ದೆವ್ವ ಅದೆ. ನನ್ನ ಜೊತೇಲೇ ಬತ್ತದೆ. ಆದ್ರೆ ಮನೆ ಗಂಡಸು ಬೆಳಗ್ಗೆ ಎದ್ದು ನೀರು ಸೇದಿ ಕೊಟ್ರೆ ಮಾತ್ರ ಅದು ಒಲೆ ಮುಂದೆ ಕೂರೋದು."

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಗಂಡು ತಲೆ ಎತ್ತಿ ಹುಡುಗಿಯನ್ನು ನೋಡಿದ. "ಸೇದ್ತೀನಿ," ಅಂದ.

ತಾಯಿ ಮಗನ ಕಡೆ ತಿರುಗಿ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತರು. ಕುಡಿದ ಲೋಟವನ್ನು ಎತ್ತಿಟ್ಟ ಗಂಡಲ್ಲವಂತೆ ಅದು. ಆಮೇಲೆ ಗಂಡನ ತೋಳು ಹಿಡಿದು ವಾಪಸ್ಸು ಕೂರಿಸಿ, ತಾವೂ ಚಕ್ಕಂಬಕ್ಕಲ ಹಾಕಿ ಕೂತು ಯಜಮಾನಿಗೆ ಹೇಳಿದರು:

"ದೆವ್ವ ಬಂದ್ರೆ ಬರ್ಲಿ, ಬಿಟ್ರೆ ಬಿಡ್ಲಿ ಕಣವ್ವ. ಉಡ್ಗಿ ಇನ್ನೂ ನಮ್ಮಟ್ಟಿಗೇ ಬಂದಿಲ್ಲ, ಆಗ್ಲೇ ನನ್ ಮಗ ಬಾವಿ ತಾವ ಓಯ್ತೀನಿ ಅಂತಾವ್ನೆ. ಎಲೆ ಅಡಿಕೆ ತಕ್ಕಬಾ."