ಅಳಿಯ ತೋಡಿದ ಇಂಗುಗುಂಡಿ

"ಈ ಮಳೆಗಾಲದಲ್ಲಿ ನಿಮ್ಮ ರೂಮಿಗೆ ಒಂದು ಹನಿ ನೀರು ಬಂದ್ರೆ ನನ್ನ ಹೆಸರು ಅನ್ಸೆಲ್ಮೊ ಅಲ್ಲ, ಅತ್ತೆ."

"ನಿನ್ನ ಹೆಸರು ಬದಲಾಯಿಸಿದ್ರೆ ನನ್ನ ಹಾಸಿಗೆ ಒಣಗುತ್ತಾ?"

ಎಲೋಡಿಯಾ ಅತ್ತೆಯ ಜೊತೆ ಮಾತಿಗಿಳಿದು ಗೆದ್ದವರು ಮರುಭೂಮಿಯ ಟೂಸಾನ್ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೂ ಅನ್ಸೆಲ್ಮೊ ಎದೆ ಉಬ್ಬಿಸಿಕೊಂಡೇ ನಿಂತ. ಅವನೇನು ಸಾಮಾನ್ಯನೇ? ಊರಿನ ಶ್ರೀಮಂತರ ಈಜುಕೊಳಗಳನ್ನೆಲ್ಲ ತೊಳೆದು, ಸೋರಿಕೆ ಮುಚ್ಚಿ, ನೀರನ್ನು ಕನ್ನಡಿಯಂತೆ ಇಟ್ಟಿರುವ ಮಹಾನುಭಾವ. ನೀರಿನ ನಾಡಿ ಹಿಡಿದವನು. ಅಂಥವನ ಸ್ವಂತ ಮನೆಗೆ ಪ್ರತಿ ಜುಲೈನಲ್ಲೂ ನೀರು ನುಗ್ಗುವುದೆಂದರೆ, ವೈದ್ಯನ ಮನೆಯಲ್ಲೇ ವರ್ಷಕ್ಕೊಂದು ಸಲ ವಾಂತಿಭೇದಿ ಆದ ಹಾಗೆ.

ತಪ್ಪು ಮನೆಯದ್ದು. ಬೀದಿ ಎತ್ತರದಲ್ಲಿ, ಮನೆ ತಗ್ಗಿನಲ್ಲಿ. ಬೀದಿಯಿಂದ ಗ್ಯಾರೇಜಿಗೆ ಕಾರು ಇಳಿಯುವ ಕಾಂಕ್ರೀಟ್ ಹಾದಿ ಜಾರುಬಂಡೆಯಂತೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಕಾರು ಇದ್ದಾಗ ಯಾರಿಗೂ ಚಿಂತೆ ಇರಲಿಲ್ಲ. ಕಾರಿಗೆ ಕಾಲು ಒದ್ದೆಯಾದರೆ ಅದು ಬೈಯುವುದಿಲ್ಲ. ಆದರೆ ಗಡಿಯಾಚೆಯ ನೊಗಾಲೆಸ್‌ನಿಂದ ಅತ್ತೆ ಬಂದು ನೆಲೆಸಿದಾಗ ಗ್ಯಾರೇಜಿಗೆ ಗೋಡೆ ಕಟ್ಟಿ, ಬಾಗಿಲಿಟ್ಟು, ಮಂಚ ಹಾಕಿ ಅವರಿಗೆ ರೂಮು ಮಾಡಿಕೊಟ್ಟರು. ಅಲ್ಲಿಂದ ಶುರು. ವರ್ಷವೆಲ್ಲ ಒಂದು ಹನಿಗೂ ಗತಿಯಿಲ್ಲದ ಆಕಾಶ, ಜುಲೈ ಬಂತೆಂದರೆ ಬಾಕಿಯನ್ನೆಲ್ಲ ಒಂದೇ ಮಧ್ಯಾಹ್ನ ಸುರಿಯುತ್ತದೆ. ಕಾದ ಹಂಚಿನಂಥ ನೆಲ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬೀದಿ ಹೊಳೆಯಾಗುತ್ತದೆ, ಹೊಳೆ ಅತ್ತೆಯ ಬಾಗಿಲು ತಟ್ಟುತ್ತದೆ. ಅತ್ತೆ ಮಂಚದ ಮೇಲೆ ಕಾಲು ಮಡಿಸಿ ಕೂತು, ಜಪಮಾಲೆ ಹಿಡಿದು, ಅಳಿಯನಿಗೆ ಬುದ್ಧಿ ಕೊಡು ದೇವರೇ ಎಂದು ಅಡಿಗೆಮನೆಗೆ ಕೇಳಿಸುವಂತೆ ಪ್ರಾರ್ಥಿಸುತ್ತಾರೆ.

ಈ ಪ್ರಾರ್ಥನೆ ಇನ್ನು ಸಾಕು ಎಂದು ಅನ್ಸೆಲ್ಮೊ ನಿರ್ಧರಿಸಿದ.

ಉಪಾಯ ಕೊಟ್ಟವನು ಎದುರುಮನೆಯ ಹಾರ್ಲನ್. ಮಿನ್ನೆಸೋಟದ ಹಿಮ ಸಾಕಾಗಿ, ಬಿಸಿಲು ಕಾಯಲು ಇಲ್ಲಿಗೆ ಬಂದ ನಿವೃತ್ತ ಮನುಷ್ಯ. ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಸಲಹೆಗೆ ಬರವಿಲ್ಲ. ಪಿಜ್ಜಾ ಡಬ್ಬಿಯ ಮುಚ್ಚಳದ ಮೇಲೆ ಚಿತ್ರ ಬರೆದೇಬಿಟ್ಟ.

"ಬಾಗಿಲ ಮುಂದೆ ಅಡ್ಡಕ್ಕೆ ಒಂದು ಕಾಲುವೆ ಕೊರಿ. ಮೇಲೆ ಕಬ್ಬಿಣದ ಜಾಲರಿ ಹಾಕು. ಅಲ್ಲಿಂದ ಒಂದು ಪೈಪು, ಪೈಪಿನ ತುದಿಗೆ ಒಂದು ಇಂಗುಗುಂಡಿ. ಗುಂಡಿ ತುಂಬ ಕಲ್ಲು ತುಂಬ್ಸು. ಮುಗೀತು. ನೆಲ ಕುಡಿದುಬಿಡುತ್ತೆ. ನಮ್ಮೂರಲ್ಲಿ ಎಲ್ಲ ಹೀಗೇ ಮಾಡೋದು."

ಹೆಂಡತಿ ಒಫೇಲಿಯಾ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅವರೂರಿನ ನೆಲ ಕುಡಿಯುತ್ತೆ ಸರಿ. ನಮ್ಮೂರಿನ ನೆಲಕ್ಕೆ ಆ ಅಭ್ಯಾಸ ಇಲ್ಲವಲ್ಲ?"

"ನೀರಿನ ವಿಷಯ ನನಗೆ ಬಿಡು."

"ಬಿಟ್ಟೇ ಇದೀನಿ. ಅದಕ್ಕೇ ಅಮ್ಮ ಮಂಚ ಇಳಿಯೋ ಹಾಗಿಲ್ಲ."

ಜೂನ್ ತಿಂಗಳು. ಬೆಳಗಿನ ಕಾಫಿ ತಣ್ಣಗಾಗದ ಕಾಲ. ಅನ್ಸೆಲ್ಮೊ ಕಾಂಕ್ರೀಟ್ ಕತ್ತರಿಸುವ ಯಂತ್ರ ಬಾಡಿಗೆಗೆ ತಂದ. ಅದು ಒಮ್ಮೆ ಗರ್ಜಿಸಿತೋ ಇಲ್ಲವೋ, ಒಗೆದ ಬಟ್ಟೆಯ ಮೇಲೆ ಸಿಮೆಂಟು, ಬೇಯುತ್ತಿದ್ದ ಹುರುಳಿಯಲ್ಲಿ ಸಿಮೆಂಟು, ಮಳೆ ತರುವವನೆಂದು ಅತ್ತೆ ನಂಬಿದ ಸಂತ ಹುವಾನನ ಪಟದ ಮೇಲೂ ಸಿಮೆಂಟು. ಅತ್ತೆ ಸೆರಗಿಲ್ಲದ ಕಾರಣ ಏಪ್ರನ್ನಿನಿಂದಲೇ ಸಂತನ ಮುಖ ಒರೆಸಿದರು. "ಕ್ಷಮಿಸಪ್ಪಾ. ನಿನ್ನ ಹಬ್ಬಕ್ಕೆ ಮಳೆ ಕೇಳಿದ್ದೆ. ಅಳಿಯ ಧೂಳು ಕೊಟ್ಟ," ಎಂದರು.

ಕಾಲುವೆ ಆಯಿತು. ಪೈಪು ಆಯಿತು. ಮನೆಯ ಪಕ್ಕ, ಒಣಗುತ್ತಾ ಬಂದ ಅಂಜೂರದ ಗಿಡದ ಹತ್ತಿರ ಗುಂಡಿ ತೋಡಲು ಇಳಿದ. ಮೊಣಕಾಲಿನವರೆಗೆ ಮಣ್ಣು ಬಂತು. ಸೊಂಟದವರೆಗೆ ಇಳಿದಾಗ ಹಾರೆ ಠಣ್ ಎಂದು ಪುಟಿದು ಅವನ ಭುಜವನ್ನೇ ವಿಚಾರಿಸಿಕೊಂಡಿತು. ಕಲೀಚೆ! ಈ ಮರುಭೂಮಿಯ ಹೊಟ್ಟೆಯಲ್ಲಿ ಸುಣ್ಣ ಹೆಪ್ಪುಗಟ್ಟಿ ಬಂಡೆಯಾದ ಪದರ. ಸಿಮೆಂಟಿಗೆ ಅಣ್ಣ. ಗುದ್ದಲಿ ಹಿಡಿದವರೆಲ್ಲ ಅದಕ್ಕೆ ಬೈಗುಳದಲ್ಲಿ ಅಭಿಷೇಕ ಮಾಡಿದವರೇ.

ಒಫೇಲಿಯಾ ನಿಂಬೆಹಣ್ಣಿನ ಪಾನಕ ತಂದು ಗುಂಡಿಯೊಳಗೆ ಇಣುಕಿದಳು. "ಅದನ್ನ ಒಡೀಬೇಕಲ್ವಾ?"

ಅನ್ಸೆಲ್ಮೊ ಬೆನ್ನು ಹಿಡಿದುಕೊಂಡು ತಳವನ್ನು ನೋಡಿದ. ಸಮವಾಗಿತ್ತು, ನುಣುಪಾಗಿತ್ತು, ಒಂದು ಬಿರುಕಿಲ್ಲ. ನೋಡುತ್ತ ನೋಡುತ್ತ ಅವನಿಗೆ ಒಂದು ಬಗೆಯ ಪ್ರೀತಿಯೇ ಬಂತು. "ಯಾಕೆ ಒಡೀಬೇಕು? ಇಂಥ ತಳ ದುಡ್ಡು ಕೊಟ್ರೂ ಸಿಗಲ್ಲ."

ಇಲ್ಲಿಯೇ ಕೆಟ್ಟಿದ್ದು. ಸೋರದ ಗುಂಡಿಯೇ ಒಳ್ಳೆಯ ಗುಂಡಿ ಎಂದು ಈಜುಕೊಳಗಳ ನಡುವೆ ಆಯುಷ್ಯ ಸವೆಸಿದವನು ಅವನು. ಸೋರಲೇಬೇಕಾದ ಗುಂಡಿಗೆ ಇಳಿಯುವಾಗಲೂ ಆ ನಂಬಿಕೆಯನ್ನು ಮೇಲೆ ಬಿಟ್ಟು ಇಳಿಯಲಿಲ್ಲ. ಬೆನ್ನು ನೋಯುತ್ತಿತ್ತು ಎಂಬುದೂ ನಿಜ. ಕಲ್ಲು ತುಂಬಿ, ಮೇಲೆ ಬಂದು, ಕೈ ಕೊಡವಿದ.

ಇನ್ನು ಪರೀಕ್ಷೆ ಆಗಬೇಕು. ಮಳೆಯ ಸುಳಿವಿಲ್ಲ. ನಲ್ಲಿಗೆ ಪೈಪು ಹಾಕಲು ಹೊರಟರೆ ಒಫೇಲಿಯಾ ಅಡ್ಡ ನಿಂತಳು. "ಜೂನ್ ತಿಂಗಳಲ್ಲಿ ಕಾಂಕ್ರೀಟಿಗೆ ನೀರು ಬಿಡ್ತೀಯಾ? ಬೀದಿಯವರು ನಮ್ಮನ್ನ ಕಲ್ಲಲ್ಲಿ ಹೊಡೀತಾರೆ." ಕೊನೆಗೆ ಗಿರಾಕಿಯೊಬ್ಬರ ಈಜುಕೊಳ ಖಾಲಿ ಮಾಡುವ ದಿನ, ಆ ಹಳೆಯ ನೀರನ್ನೇ ತನ್ನ ಟ್ರಕ್ಕಿನ ಟ್ಯಾಂಕಿಗೆ ತುಂಬಿಕೊಂಡು ಬಂದು, ಬೀದಿಯ ತಲೆಯಲ್ಲಿ ನಿಂತು ಭಗೀರಥನ ಗತ್ತಿನಲ್ಲಿ ಬಿಟ್ಟ. ನೀರು ಇಳಿಯಿತು, ಜಾಲರಿಯ ಬಾಯಿಗೆ ಬಿತ್ತು, ಗಟಗಟ ಎಂದು ಮಾಯವಾಯಿತು. ಅತ್ತೆಯ ಹೊಸ್ತಿಲು ಒಣಗಿದ ರೊಟ್ಟಿಯಂತೆ ಗರಿಗರಿಯಾಗಿ ಉಳಿಯಿತು. ಹಾರ್ಲನ್ ಚಪ್ಪಾಳೆ ತಟ್ಟಿದ.

ವರ್ಷವೆಲ್ಲ ಬಾಯಾರಿದ್ದ ಮಣ್ಣು ಮತ್ತು ಕಾದ ಕಲ್ಲು ಮೊದಲ ಗುಟುಕನ್ನು ಕುಡಿದೇ ಕುಡಿಯುತ್ತವೆ, ಎರಡನೆಯದಕ್ಕೆ ಹೊಟ್ಟೆಯಲ್ಲಿ ಜಾಗವಿದೆಯೇ ಎಂದು ಯಾರೂ ಕೇಳಲಿಲ್ಲ. ಗೆದ್ದವನ ಕಿವಿಗೆ ಇಂಥ ಪ್ರಶ್ನೆ ಬೀಳುವುದೂ ಇಲ್ಲ.

"ಅತ್ತೆ, ಈಗ ಏನಂತೀರಿ?"

"ಮಳೆ ಬರ್ಲಿ. ಆಮೇಲೆ ಅಂತೀನಿ."

ಅಷ್ಟಕ್ಕೆ ಸುಮ್ಮನಿದ್ದರೆ ಅನ್ಸೆಲ್ಮೊನ ಸಂಸಾರ ನೆಟ್ಟಗಿರುತ್ತಿತ್ತು. ಹಾರ್ಲನ್ ಎದುರಿಗಿದ್ದ, ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. "ಬರ್ಲಿ. ಒಂದು ಹನಿ ಒಳಗೆ ಬಂದ್ರೂ ನಮ್ಮ ರೂಮು ನಿಮಗೆ. ಏಸಿ ಸಮೇತ. ನಿಮ್ಮ ರೂಮಲ್ಲಿ ನಾನು ಮಲಗ್ತೀನಿ."

ಒಫೇಲಿಯಾಳ ಕೈಯಲ್ಲಿದ್ದ ಲೋಟ ವಾಲಿತು. "ಆ ರೂಮಲ್ಲಿ ನಾನೂ ಇದೀನಿ, ನೆನಪಿದೆಯಾ?"

ಮನೆಯಲ್ಲಿ ಏಸಿ ಇದ್ದದ್ದು ಆ ಒಂದೇ ಕೋಣೆಗೆ. ಗ್ಯಾರೇಜಿನಲ್ಲಿ ಇದ್ದದ್ದು ನೀರಿನ ಕೂಲರು. ಒಣಹವೆಯಲ್ಲಿ ಅದು ದೇವರು, ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿದ ಹಾಗೆ. ಅತ್ತೆ ಇದನ್ನೆಲ್ಲ ಮನಸ್ಸಿನಲ್ಲೇ ತೂಗಿದರು. "ಸಾಕ್ಷಿಗೆ ಸಂತ ಹುವಾನ್ ಇದಾನೆ," ಎಂದು ಒಳಗೆ ಹೋಗಿ, ಪಟದ ಮುಂದೆ ಇನ್ನೊಂದು ಮೇಣದಬತ್ತಿ ಹಚ್ಚಿದರು. ಈ ಸಲ ಮಳೆ ಕೇಳಿದ್ದು ಅಂಜೂರದ ಗಿಡಕ್ಕೋ ಪಂದ್ಯಕ್ಕೋ ಎಂಬುದು ಅವರಿಗೂ ಸಂತನಿಗೂ ಬಿಟ್ಟದ್ದು.

ಜುಲೈ ಬಂತು. ಒಂದು ಮಧ್ಯಾಹ್ನ ದಕ್ಷಿಣದಿಂದ ಧೂಳು ಗೋಡೆಯಾಗಿ ಎದ್ದು ಬಂದು ಊರನ್ನು ನುಂಗಿತು. ಅದರ ಬೆನ್ನಿಗೇ ಮಳೆ. ಅನ್ಸೆಲ್ಮೊ ಪ್ಲಾಸ್ಟಿಕ್ ಕುರ್ಚಿ ತಂದು ಗ್ಯಾರೇಜಿನ ಬಾಗಿಲಲ್ಲಿ, ಜಾಲರಿಯ ಎದುರಿಗೇ, ರಾಜನಂತೆ ಕುಳಿತ. ಬೀದಿಯ ಕೆಂಪು ನೀರು ಇಳಿಜಾರಿನಲ್ಲಿ ಧುಮುಕಿತು, ಜಾಲರಿಗೆ ಬಿತ್ತು, ಗಟಗಟ ಇಳಿಯಿತು.

"ಅತ್ತೆ, ಮಂಚ ಇಳೀರಿ! ಬಂದು ನೋಡಿ!"

ಅತ್ತೆ ಬಂದರು. ಒಫೇಲಿಯಾ ಬಂದಳು. ಎದುರುಮನೆಯ ವರಾಂಡದಿಂದ ಹಾರ್ಲನ್ ಹೆಬ್ಬೆರಳು ಎತ್ತಿ ತೋರಿಸಿದ. ಎಲ್ಲರೂ ನೋಡುತ್ತಿದ್ದಂತೆ ಗಟಗಟ ಸದ್ದು ನಿಧಾನವಾಯಿತು. ಆಮೇಲೆ ನಿಂತಿತು. ಆಮೇಲೆ ಜಾಲರಿಯೊಳಗಿಂದ ತುಂಬಿದ ಹೊಟ್ಟೆಯವನ ತೇಗಿನಂಥ ಒಂದು ಸದ್ದು ಬಂತು.

"ಅದೇನದು?" ಎಂದಳು ಒಫೇಲಿಯಾ.

"ಗಾಳಿ. ಪೈಪಲ್ಲಿ ಗಾಳಿ ಸಿಕ್ಕೊಂಡಿರುತ್ತೆ."

ಗಾಳಿಯಲ್ಲ. ಕಲೀಚೆಯ ಬಾನಿ ಅಂಚಿನವರೆಗೆ ತುಂಬಿತ್ತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, ಬೀದಿಯಿಂದ ಹೋದ ನೀರಿಗೆ ಪಕ್ಕದ ಚಾವಣಿಯಿಂದ ಗುಂಡಿಗೆ ಸುರಿದ ನೀರೂ ಸೇರಿ, ಅದೇ ಪೈಪಿನಲ್ಲಿ ಹಿಂದಕ್ಕೆ ನುಗ್ಗಿ, ಸರಿಯಾಗಿ ಅತ್ತೆಯ ಹೊಸ್ತಿಲ ಮುಂದೆ ಬುಗ್ಗೆಯಾಗಿ ಎದ್ದಿತು. ಹಿಂದಿನ ವರ್ಷಗಳಲ್ಲಿ ನೀರು ಬಾಗಿಲಿನ ಕೆಳಗಿಂದ ನಾಚಿಕೊಂಡು ನುಸುಳುತ್ತಿತ್ತು. ಈ ವರ್ಷ ತಲೆಯೆತ್ತಿಕೊಂಡು ಬಂತು. ಕುರ್ಚಿಯ ಕಾಲು ಮುಳುಗಿತು. ಎಲ್ಲಿಂದಲೋ ಒಂದು ಕಪ್ಪೆ ತೇಲಿ ಬಂದು ಅತ್ತೆಯ ಚಪ್ಪಲಿ ಹತ್ತಿ ಕೂತಿತು.

ಅತ್ತೆ ಬೈಯಲಿಲ್ಲ. ಅನ್ಸೆಲ್ಮೊನಿಗೆ ನಿಜವಾಗಿ ಭಯವಾದದ್ದು ಆಗ. ಅವರು ದಿಂಬು ಎತ್ತಿಕೊಂಡರು, ಪಟ ಎತ್ತಿಕೊಂಡರು, ಜಪಮಾಲೆ ಕೊರಳಿಗೆ ಹಾಕಿಕೊಂಡರು, ಮೆರವಣಿಗೆಯ ನಡಿಗೆಯಲ್ಲಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಏಸಿಯ ಸದ್ದು ಕೇಳಿಸಿತು.

"ನೀನು ನನ್ನ ಜೊತೆ ಬರ್ತೀಯಲ್ಲ?" ಎಂದು ಅನ್ಸೆಲ್ಮೊ ಹೆಂಡತಿಯ ಮುಖ ನೋಡಿದ. ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಕೇಳಬಹುದಾದ ಅತ್ಯಂತ ದೀನ ಪ್ರಶ್ನೆ ಅದು.

"ಬರ್ತಿದ್ದೆ. ಆದ್ರೆ ಅಮ್ಮಂಗೆ ಹೊಸ ಜಾಗ ನೋಡು. ಯಾರಾದ್ರೂ ಒಬ್ರು ಜೊತೆಗಿರ್ಬೇಕಲ್ಲ."

ಗ್ಯಾರೇಜಿನಲ್ಲಿ ಅವನು ಕಳೆದ ಆ ವಾರದ ಬಗ್ಗೆ ಹೆಚ್ಚು ಹೇಳುವುದು ಕ್ರೌರ್ಯವಾದೀತು. ಕೂಲರು ಬೆವರಿಗೆ ಬೆವರು ಸೇರಿಸಿತು. ವರ್ಷವೆಲ್ಲ ಮಣ್ಣಿನೊಳಗೆ ಮಲಗಿದ್ದ ಕಪ್ಪೆಗಳು ಎದ್ದು ಗುಂಡಿಯ ಸುತ್ತ ಮದುವೆ ಮಾಡಿಕೊಂಡವು, ವಾದ್ಯದ ಸಮೇತ. ಆದರೆ ಅನ್ಸೆಲ್ಮೊನ ತಲೆ ಅಷ್ಟರಲ್ಲಿ ಕೆಲಸ ಮಾಡತೊಡಗಿತ್ತು. ದೋಷ ಗೊತ್ತಾಯಿತು, ಪರಿಹಾರವೂ ಹೊಳೆಯಿತು. ಕಲೀಚೆಯಲ್ಲಿ ಆಳವಾದ ನಾಲ್ಕು ತೂತು ಕೊರೆದರೆ ನೀರು ಪಾತಾಳಕ್ಕೆ ಇಳಿಯುತ್ತದೆ, ರೂಮು ಒಣಗುತ್ತದೆ, ಅತ್ತೆ ಅಲ್ಲಿಗೆ, ತಾನು ಏಸಿಗೆ. ಶನಿವಾರ ಬೆಳಿಗ್ಗೆ ಕೊರೆಯುವ ಯಂತ್ರ ಹೊತ್ತು ಗುಂಡಿಯ ಹತ್ತಿರ ಹೋದ.

ಅಲ್ಲಿ ಅತ್ತೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮೇಲಿನ ಕಲ್ಲುಗಳನ್ನು ಎತ್ತಿ ಬದಿಗೆ ಜೋಡಿಸಿಯಾಗಿತ್ತು. ಕೈಯಲ್ಲಿ ಬಕೆಟ್ಟು. ಪಾತಿ ಮಾಡಿ ನೆಟ್ಟ ಕಾಡುಮೆಣಸಿನಕಾಯಿಯ ಸಸಿಗಳು ಒದ್ದೆ ಮಣ್ಣಿನಲ್ಲಿ ನೆಟ್ಟಗೆ ನಿಂತಿದ್ದವು. ಸತ್ತೇಹೋಯಿತು ಎಂದುಕೊಂಡಿದ್ದ ಅಂಜೂರದ ಗಿಡ ಬೆರಳುದ್ದ ಚಿಗುರಿತ್ತು.

"ಅತ್ತೆ, ಸ್ವಲ್ಪ ಆ ಕಡೆ ಸರೀರಿ. ತಳಕ್ಕೆ ತೂತು ಹಾಕ್ಬೇಕು."

"ಯಾಕೆ?"

"ನೀರು ಇಂಗ್ಬೇಕಲ್ಲ."

"ಮರಳುಗಾಡಲ್ಲಿ ನಿಂತ ನೀರಿಗೆ ತೂತು ಹಾಕ್ತಾನಂತೆ. ಹುಚ್ಚು ಹಿಡೀತಾ ನಿಂಗೆ?"

"ಸೊಳ್ಳೆ ಬರುತ್ತೆ ಅತ್ತೆ."

"ನಿನ್ನ ರೂಮಿನ ಕಿಟಕಿಗೆ ಬಲೆ ಹಾಕಿಸ್ಕೋ."

ನಿನ್ನ ರೂಮು! ಅನ್ಸೆಲ್ಮೊ ಯಂತ್ರ ಕೆಳಗಿಟ್ಟು ಅಡಿಗೆಮನೆಯ ಕಿಟಕಿಯತ್ತ ನೋಡಿದ. ಒಫೇಲಿಯಾ ಅಲ್ಲಿಯೇ ನಿಂತು ಕೇಳುತ್ತಿದ್ದಳು. ಹೊರಗೆ ಬಂದು ಅವನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಬಿಟ್ಬಿಡು. ಮದುವೆ ಆದಾಗಿಂದ ಅಮ್ಮ ನಿನ್ನ ಹೊಗಳಿದ್ದು ನಾನು ಕೇಳಿರ್ಲಿಲ್ಲ. ನಿನ್ನೆ ಫೋನಲ್ಲಿ ನೊಗಾಲೆಸ್ ಅತ್ತಿಗೆ ಹತ್ರ ಹೇಳ್ತಿದ್ರು, 'ನನ್ನ ಅಳಿಯ ಊರಿನವರಿಗೆಲ್ಲ ನೀರು ನಿಲ್ಲಿಸಿಕೊಟ್ಟ, ಈಗ ನಮ್ಮನೆಗೂ ನಿಲ್ಲಿಸಿದಾನೆ' ಅಂತ. ಅದಕ್ಕೂ ತೂತು ಹಾಕ್ತೀಯಾ?"

ಅವನು ಮುಖ ಒರೆಸಿಕೊಂಡ. ಸಂತೋಷಕ್ಕೋ ಸೆಕೆಗೋ ಅವನಿಗೇ ತಿಳಿಯಲಿಲ್ಲ. ಯಂತ್ರವನ್ನು ಮತ್ತೆ ಹೆಗಲಿಗೇರಿಸಿದ.

ಅಷ್ಟರಲ್ಲಿ ಹಿಂದಿನ ಬೀದಿಯ ಎರ್ಲಿಂದಾ ಒಂದು ಬಕೆಟ್ಟು ಹಿಡಿದು, ಗುಂಡಿ ನೋಡುವ ನೆಪದಲ್ಲಿ ನೀರು ಕೇಳಲು ಬಂದಳು. ಬಗ್ಗಿ ನೋಡಿ ಬಾಯಿ ತೆರೆದಳು. "ಅಬ್ಬಾ, ಎಷ್ಟು ಚೆನ್ನಾಗಿ ನಿಂತಿದೆ ನೀರು! ಅಲ್ಲ ಎಲೋಡಿಯಾ, ನಿನ್ನ ಅಳಿಯ ಗ್ಯಾರೇಜಲ್ಲಿ ಮಲಗ್ತಾನಂತೆ, ಹೌದಾ? ಮನೇಲಿ ಏನಾದ್ರೂ ಜಗಳವಾ?"

"ಛೆ, ಜಗಳ ಯಾಕೆ? ಅಲ್ಲೊಬ್ರು ಇರ್ಲೇಬೇಕು," ಎಂದರು ಅತ್ತೆ, ಅವಳ ಬಕೆಟ್ಟು ತುಂಬಿಸುತ್ತ. "ಗುಂಡಿ ತುಂಬಿತು ಅನ್ನೋದು ಮೊದಲು ಗೊತ್ತಾಗೋದೇ ಅವನ ಕಾಲಿಗೆ."