ಬೀರುವಿನ ಕೆಳಖಾನೆಯ ನಷ್ಟವರದಿ

ಸೋಮವಾರ ಬೆಳಿಗ್ಗೆ ಆಫೀಸಿನ ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತಿದ್ದ ಟೈಪಿಸ್ಟ್ ಎರಡು ಸಲ ಮೂಗು ಹಿಗ್ಗಿಸಿ, "ಸರ್, ಯಾರದ್ದೋ ಊಟದ ಡಬ್ಬಿ ಹಳಸಿದೆ ಅನ್ಸುತ್ತೆ" ಅಂದಳು. ಲಿಫ್ಟಿನಲ್ಲಿ ಇದ್ದವರು ಇಬ್ಬರೇ. ಇಬ್ಬರ ಕೈಯಲ್ಲೂ ಡಬ್ಬಿ ಇರಲಿಲ್ಲ. ವಾಸನೆ ಬರುತ್ತಿದ್ದದ್ದು ನಷ್ಟಪ್ಪನ ಅಂಗಿಯಿಂದ.

ಒಗೆದ ಅಂಗಿಯೇ, ಇಸ್ತ್ರಿ ಮಾಡಿದ ಅಂಗಿಯೇ. ಆದರೆ ಅದು ವಾರವಿಡೀ ಸಂಸಾರ ಮಾಡಿದ್ದು ಒಂದೇ ಬೀರುವಿನಲ್ಲಿ, ಹದಿನಾಲ್ಕು ಭರಣಿ ಹುಳಿ ಎಲೆಕೋಸಿನ ಜೊತೆ.

ನಷ್ಟಪ್ಪ ಎಂಬುದು ಬೀದಿಯವರು (ಬೆನ್ನ ಹಿಂದೆ) ದಯಪಾಲಿಸಿದ ನಾಮಧೇಯ. ವಿಮೆ ಕಂಪನಿಯ ಪರವಾಗಿ ಹೋಗಿ ಸುಟ್ಟ ಗೋದಾಮು, ನೆನೆದ ಬಟ್ಟೆಯ ಗಂಟು, ನುಜ್ಜುಗುಜ್ಜಾದ ಕಾರು ಇವನ್ನೆಲ್ಲ ನೋಡಿ, ಅಳೆದು, ತೂಗಿ, ಯಾವುದು ಹೇಗೆ ಹಾಳಾಯಿತೆಂದು ವರದಿ ಬರೆಯುವುದು ಅವನ ಉದ್ಯೋಗ. ಇಪ್ಪತ್ತಾರು ವರ್ಷಗಳಲ್ಲಿ ಅವನ ಒಂದು ವರದಿಯೂ 'ವಿವರ ಸಾಲದು' ಎಂದು ವಾಪಸ್ ಬಂದದ್ದಿಲ್ಲ. ಹೆಂಡತಿ ಊರಿನ ಪತ್ರಿಕೆಗೆ ಊಟತಿಂಡಿಯ ಬಗ್ಗೆ ಬರೆಯುವವಳು. ಇಬ್ಬರೂ ಬರೆಯುವವರೇ ಆದ್ದರಿಂದ ಮನೆಯಲ್ಲಿ ಮಾತು ಕಡಿಮೆ ಇರಬೇಕಿತ್ತು. ಇರಲಿಲ್ಲ.

ಹನ್ನೊಂದು ತಿಂಗಳ ಹಿಂದೆ ಅವಳು ಫೋನ್ ಇಟ್ಟವಳೇ ಕುಣಿಯುತ್ತ ಬಂದಿದ್ದಳು.

"ರೀ, ನನ್ನದೇ ಅಂಕಣ ಸಿಕ್ತು! 'ಬಯಲಿಂದ ಭರಣಿಗೆ' ಅಂತ. ಬಯಲಲ್ಲಿ ತಾನಾಗಿ ಬೆಳೆದ ಸೊಪ್ಪುಸದೆ ಕಿತ್ತು ತರೋದು, ಭರಣೀಲಿ ಹುಳಿ ಬರಿಸೋದು, ತಿಂಗಳಿಗೊಂದು ಭಾನುವಾರ ಓದುಗರನ್ನ ಮನೆಗೆ ಕರೆದು ಎಲ್ಲರೂ ಒಟ್ಟಿಗೆ ಕೂತು ತಿನ್ನೋದು."

"ಯಾರ ಮನೆಗೆ?"

"ಇದೊಳ್ಳೆ ಪ್ರಶ್ನೆ!"

"ಎಷ್ಟು ದಿನ ಈ ವನವಾಸ?"

"ಒಂದೇ ವರ್ಷ ರೀ. ಆಮೇಲೆ ಸಂಪಾದಕರು ಹೇಳಿದ ಹಾಗೆ."

ನಷ್ಟಪ್ಪ ಮೊದಲ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡ. ಎರಡನೆಯದು ಅವನ ಕಿವಿಗೆ ಬೀಳಲಿಲ್ಲ.

ಮೊದಲ ತಿಂಗಳು ಹಿಂದಿನ ಖಾಲಿ ಸೈಟಿನಿಂದ ಗೋಣಿಸೊಪ್ಪು ಬಂತು.

"ಅದು ನಾಯಿ ಓಡಾಡೋ ಜಾಗ ಕಣೇ."

"ತೊಳೀತೀನಿ ರೀ."

"ಯಾರನ್ನ? ನಾಯೀನಾ?"

ತಿಂದ. ಎರಡನೆಯ ತಿಂಗಳು ಬೇಲಿಯ ಮೇಲಿನ ಯಾವುದೋ ಹಣ್ಣು ಬಂತು. ಅದನ್ನು ತಿಂದ ಮೇಲೆ ನಾಲಗೆ ಒಂದು ದಿನ ಪೂರ್ತಿ ನೇರಳೆ ಬಣ್ಣಕ್ಕಿತ್ತು. ಆಫೀಸಿನಲ್ಲಿ ಅವನು ಬಾಯಿ ಬಿಡಲೇ ಇಲ್ಲ. ಮೇಲಧಿಕಾರಿ ಅದನ್ನು ಗಾಂಭೀರ್ಯ ಎಂದುಕೊಂಡರು. ಮೂರನೆಯ ತಿಂಗಳು ಭರಣಿಗಳು ಬಂದವು.

"ಇವಕ್ಕೆ ಬೆಚ್ಚಗಿರೋ, ಕತ್ತಲಿರೋ, ಯಾರೂ ಅಲುಗಾಡಿಸದ ಜಾಗ ಬೇಕು" ಅಂದಳು ಹೆಂಡತಿ.

"ನನಗೂ ಅಂಥದ್ದೇ ಒಂದು ಬೇಕು."

ಅಂಥ ಜಾಗ ಮನೆಯಲ್ಲಿ ಇದ್ದದ್ದು ಒಂದೇ: ಅವನ ಬೀರುವಿನ ಕೆಳಖಾನೆ, ಅಂಗಿಗಳ ಜಾಗ. ಅಂಗಿಗಳು ಕುರ್ಚಿಯ ಬೆನ್ನಿಗೆ, ಬಾಗಿಲ ಮೊಳೆಗೆ, ಮೇಲಿನ ಖಾನೆಯ ಮೂಲೆಗೆ ವಲಸೆ ಹೋದವು. ದಿನಕ್ಕೊಮ್ಮೆ ಭರಣಿಗಳ ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡುವ ಕೆಲಸವೂ ಅವನ ಪಾಲಿಗೆ ಬಂತು, ಬೀರು ಅವನದ್ದೇ ಅಲ್ಲವೇ ಎಂಬ ನ್ಯಾಯದ ಮೇಲೆ.

ನಾಲ್ಕನೆಯ ತಿಂಗಳು ಎರಡು ದಿನ ಅವನು ಮರೆತ. ಮೂರನೆಯ ದಿನ ಮಧ್ಯಾಹ್ನ ಬೀರುವಿನೊಳಗೆ ಬೀಟ್‌ರೂಟ್ ಭರಣಿ ಢಮ್ ಎಂದಿತು. ಮೇಲಿನ ಖಾನೆಯಲ್ಲಿದ್ದ ಐದು ಬಿಳಿ ಅಂಗಿಗಳು ಕೊಲೆಗೆ ಸಾಕ್ಷಿ ನಿಂತವರಂತೆ ಕಂಡವು.

ಅವನ ತಾಯಿ ಒಂದು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಬಣ್ಣ ಚೆನ್ನಾಗಿ ಹತ್ತಿದೆ ಕಣೋ. ನಿನ್ನ ಮುಖಕ್ಕೆ ಒಪ್ಪುತ್ತೆ."

"ಅಮ್ಮಾ!"

"ಸುಮ್ನಿರೋ. ಸೊಸೆಗೆ ನಾಲ್ಕು ಜನ ಓದೋ ಹಾಗೆ ಬರೆಯೋಕೆ ಬರುತ್ತೆ. ನಿನ್ನ ಬರಹ ಓದೋರು ಯಾರು? ಕಾರು ಗುದ್ದಿಸ್ಕೊಂಡೋರು."

ಆ ಸಂಜೆ ಅವನು ಆಫೀಸಿನ ನಮೂನೆಯಲ್ಲೇ ಒಂದು ವರದಿ ಬರೆಯಲು ಕೂತ. ಘಟನೆಯ ಸ್ಥಳ: ಬೀರು. ಹಾಳಾದ ವಸ್ತು: ಅಂಗಿ, ಐದು. ಕಾರಣ? ಕಾರಣ ಬೇಕಾದರೆ ವಿಚಾರಣೆ ಆಗಬೇಕು.

"ಎಷ್ಟು ಉಪ್ಪು ಹಾಕಿದ್ದೆ?"

"ಒಂದು ಹಿಡಿ."

"ಹಿಡಿ ಅಂದ್ರೆ ಎಷ್ಟು?"

"ಹಿಡಿ ಅಂದ್ರೆ ಹಿಡಿ ರೀ!"

"ಎಷ್ಟು ದಿನ ಇಡಬೇಕು ಅದನ್ನ?"

"ಮೂಗಿಗೆ ಒಪ್ಪೋವರೆಗೆ."

ಅಂಕಣದಲ್ಲೂ ಅವಳು ಬರೆಯುತ್ತಿದ್ದದ್ದು ಹೀಗೇ. 'ಮನಸ್ಸು ತುಂಬುವಷ್ಟು ಉಪ್ಪು', 'ಭರಣಿ ಮಾತಾಡುವವರೆಗೆ ಕಾಯಿರಿ.' ಓದುಗರ ಪತ್ರಗಳು ಬರುತ್ತಿದ್ದವು. ಅವಳು ಓದಿ, ಮಡಚಿ, ಡ್ರಾಯರಿಗೆ ಹಾಕುತ್ತಿದ್ದಳು. ಏನು ಬರೆದಿದ್ದಾರೆ ಎಂದು ಅವನು ಕೇಳಲಿಲ್ಲ. ಹೊಗಳಿಕೆಯೇ ಇರಬೇಕು, ಕೇಳಿ ಇನ್ನಷ್ಟು ಹೊಟ್ಟೆ ಉರಿಸಿಕೊಳ್ಳುವುದೇಕೆ?

ಅವನು ಹೆಂಡತಿಯ ಕೈಯಿಂದ ಒಂದು ಹಿಡಿ ಉಪ್ಪು ತೆಗೆಸಿ ತಕ್ಕಡಿಗೆ ಹಾಕಿಸಿದ. ಮೂರು ಸಲ ಹಾಕಿಸಿದ, ಮೂರು ಸಲವೂ ಬೇರೆ ಬೇರೆ ತೂಕ. ಅಲ್ಲಿಂದ ಮುಂದೆ ಭರಣಿಗೆ ಹೋಗುವ ಪ್ರತಿ ಎಲೆಯನ್ನೂ, ಉಪ್ಪಿನ ಪ್ರತಿ ಗ್ರಾಂ ಅನ್ನೂ ತೂಗಿ ಬರೆದ. ಬೀರುವಿನೊಳಗೆ ಉಷ್ಣಮಾಪಕ ತೂಗುಹಾಕಿದ. ಯಾವ ದಿನ ಗುಳ್ಳೆ, ಯಾವ ದಿನ ವಾಸನೆ, ಯಾವ ದಿನ ತನ್ನ ಹೊಟ್ಟೆಯಲ್ಲಿ ಗುಡುಗು, ಎಲ್ಲಕ್ಕೂ ದಾಖಲೆ. ಉದ್ದೇಶ ಒಂದೇ: ವರ್ಷ ಮುಗಿದ ದಿನ ಈ ಅನ್ಯಾಯ ಮುಂದುವರಿಯುವಂತಿದ್ದರೆ ಪುರಾವೆ ಕೈಯಲ್ಲಿರಬೇಕು. ಹನ್ನೆರಡನೆಯ ತಿಂಗಳಿಗೆ ನಲವತ್ತೊಂದು ವರದಿಗಳಾಗಿದ್ದವು.

ಕೊನೆಯ ಭಾನುವಾರದ ಬೆಳಿಗ್ಗೆ ತಾಯಿ ಸುದ್ದಿ ಕೊಟ್ಟರು. "ಸಂಪಾದಕರು ಬರ್ತಾರಂತೆ. ಮುಂದಿನ ವರ್ಷದ ಮಾತಾಡೋಕೇ ಇರಬೇಕು."

ನಷ್ಟಪ್ಪನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಮುಂದಿನ ವರ್ಷ! ಒಳಕೋಣೆಯಲ್ಲಿ ಹೆಂಡತಿ ಬೀರುವಿನಲ್ಲಿ ಏನೋ ಎತ್ತಿಡುತ್ತಿದ್ದಳು. ಸದ್ದು ಕೇಳುತ್ತಿತ್ತು, ಅವಳ ಮಾತು ಮಾತ್ರ ಇಲ್ಲ. ಇನ್ನೂ ಹತ್ತು ಭರಣಿಗೆ ಜಾಗ ಮಾಡುತ್ತಿದ್ದಾಳೆ ಎಂದುಕೊಂಡ. ವರದಿಗಳ ಫೈಲನ್ನು ಕಂಕುಳಲ್ಲಿ ಇರುಕಿಕೊಂಡ.

ಹತ್ತು ಗಂಟೆಗೆ ಮೂವತ್ತು ಮಂದಿ ಬಂದರು. ಬಯಲಿಗೆ ಹೋಗಿ, ಬುಟ್ಟಿ ತುಂಬಿ ವಾಪಸ್ ಬಂದು, ಹಾಲಿನಲ್ಲಿ ಅವನ ಕುರ್ಚಿಯೂ ಸೇರಿದಂತೆ ಕೂರಲು ಬರುವುದರ ಮೇಲೆಲ್ಲ ಕೂತರು. ಸಂಪಾದಕರು ಊಟಕ್ಕೆ ಮುಂಚೆ ಕೈ ತೊಳೆಯಲು ಎದ್ದಾಗ ನಷ್ಟಪ್ಪ ವಾಷ್‌ಬೇಸಿನ್ನಿನ ಬಳಿ ಅಡ್ಡ ನಿಂತ.

"ಸರ್, ನಿರ್ಧಾರ ಮಾಡೋಕೆ ಮುಂಚೆ ಇದನ್ನ ನೋಡಬೇಕು."

ಸಂಪಾದಕರು ಕೈ ಒರೆಸಿಕೊಂಡು ಫೈಲ್ ತೆರೆದರು. ಮೊದಲ ಪುಟಕ್ಕೆ ನಕ್ಕರು. ಮೂರನೆಯದಕ್ಕೆ ನಗು ನಿಂತಿತು. ಹತ್ತನೆಯದಕ್ಕೆ ಕನ್ನಡಕ ಹಾಕಿಕೊಂಡರು. ಕೆಲಸ ಆಯಿತು ಎಂದುಕೊಂಡ ನಷ್ಟಪ್ಪ.

"ಇದು... ಒಂದು ಕಿಲೋ ಎಲೆಕೋಸಿಗೆ ಇಪ್ಪತ್ತೆರಡು ಗ್ರಾಂ ಉಪ್ಪು. ಆರನೇ ದಿನ ಗುಳ್ಳೆ, ಹದಿನೆಂಟನೇ ದಿನ ಹದ. ನೀವೇ ತೂಗಿದ್ದಾ?"

"ಪ್ರತಿಯೊಂದೂ. ತೂಗದೆ ತಪ್ಪು ಯಾರದ್ದು ಅಂತ ಹೇಳೋಕಾಗುತ್ತಾ?"

ಸಂಪಾದಕರು ಅವನ ಹೆಗಲ ಮೇಲೆ ಕೈ ಇಟ್ಟರು. "ಸರ್, ನಿಮ್ಮ ಹತ್ರ ಮುಚ್ಚಿಡೋದೇನು. ಅಂಕಣ ನಿಲ್ಲಿಸೋಣ ಅಂತ ನಿನ್ನೆಯೇ ಮೇಡಂಗೆ ಫೋನ್ ಮಾಡಿ ಹೇಳಿದ್ದೆ. ಇವತ್ತು ಬಂದಿದ್ದು ಗೌರವದಿಂದ ಮುಗಿಸೋಕೆ. ವರ್ಷವಿಡೀ ಓದುಗರದ್ದು ಒಂದೇ ದೂರು: ಅಳತೆ ಇಲ್ಲ, ಲೆಕ್ಕ ಇಲ್ಲ, ಮಾಡಿದ್ದೆಲ್ಲ ಕೊಳೆತುಹೋಗ್ತಿದೆ ಅಂತ."

ನಷ್ಟಪ್ಪ ಫೈಲಿಗೆ ಕೈ ಚಾಚಿದ. "ಹಾಗಾದ್ರೆ... ನಿಲ್ಲಿಸಿಬಿಡಿ ಸರ್. ಪರವಾಗಿಲ್ಲ."

"ನಿಲ್ಲಿಸೋದಾ? ಇಂಥ ಬಂಗಾರ ಇಟ್ಕೊಂಡು!" ಎಂದವರೇ ಹಾಲಿಗೆ ನಡೆದು, ಮೂವತ್ತು ಮಂದಿಯ ಎದುರು ಬೀಟ್‌ರೂಟ್ ವರದಿಯನ್ನು ಗಟ್ಟಿಯಾಗಿ ಓದಿದರು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಕ್ಕು ಮುಗಿದ ಮೇಲೆ ಎಲ್ಲರೂ ಪೆನ್ನು ತೆಗೆದು ಉಪ್ಪಿನ ತೂಕ ಬರೆದುಕೊಂಡರು. ಅಂಕಣ ಇನ್ನೊಂದು ವರ್ಷ ಎಂದು ಅಲ್ಲೇ ಘೋಷಣೆಯಾಯಿತು. ಬರಹ ಮೇಡಂ ಅವರದು, ಅಳತೆ ಯಜಮಾನರದು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ ನೋಡಿದ್ದು ಎರಡನೆಯ ಸಲ.

ತಾಯಿ ಪಕ್ಕದವರಿಗೆ ಹೇಳುತ್ತಿದ್ದರು: "ನನ್ನ ಮಗ. ಮೊದಲಿಂದಲೂ ಬರೆಯೋದರಲ್ಲಿ ಮುಂದು."

ಸಂಜೆ ಎಲ್ಲರೂ ಹೋದ ಮೇಲೆ ನಷ್ಟಪ್ಪ ಬೀರು ತೆರೆದ. ಕೆಳಖಾನೆಯಲ್ಲಿ ಒಂದು ಭರಣಿಯೂ ಇರಲಿಲ್ಲ. ಒರೆಸಿ, ಹೊಸ ಕಾಗದ ಹಾಸಿ, ಅವನ ಅಂಗಿಗಳನ್ನೆಲ್ಲ ಮಡಚಿ ಸಾಲಾಗಿ ಇಟ್ಟಿತ್ತು. ಸೋಪಿನ ಘಮ.

"ಬೆಳಿಗ್ಗೆ ನಾನೇ ಇಟ್ಟೆ ರೀ" ಹೆಂಡತಿಯ ದನಿ ಹಿಂದಿನಿಂದ ಬಂತು. "ಹೇಗಿದ್ರೂ ಮುಗೀತಲ್ಲ, ನಿಮ್ಮ ಜಾಗ ನಿಮಗೆ ಕೊಟ್ಟುಬಿಡೋಣ ಅಂತ. ನೀವು ನನಗೋಸ್ಕರ ಇಷ್ಟು ದಿನ ಕದ್ದುಮುಚ್ಚಿ ಬರೀತಾ ಇದ್ರಿ ಅಂತ ನನಗೇನು ಗೊತ್ತು?"

ಅವನು ತಿರುಗಿ ನೋಡಿದ. ಅವಳ ಕೈಯಲ್ಲಿ ಬುಟ್ಟಿ ಇತ್ತು, ಬುಟ್ಟಿಯ ತುಂಬ ಭರಣಿಗಳು.

"ಸ್ವಲ್ಪ ಸರೀರಿ."

ಅವನು ಸರಿದ. ಅಂಗಿಗಳನ್ನು ಒಂದೊಂದಾಗಿ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ. ಆಮೇಲೆ ಮೇಜಿನ ಮುಂದೆ ಕೂತು ನಲವತ್ತೆರಡನೆಯ ವರದಿ ಬರೆದ. ಘಟನೆಯ ಸ್ಥಳ: ವಾಷ್‌ಬೇಸಿನ್ನಿನ ಎದುರು. ನಷ್ಟ: ಒಂದು ಖಾನೆ, ಒಂದು ವರ್ಷ. ಕಾರಣ: ಹೊರಗಿನವರ ಕೈವಾಡ ಕಂಡುಬಂದಿಲ್ಲ.