ಪರದೇಶವಾದ ಸವಣೂರು

೧೯೪೦ನೆಯ ಇಸವಿ ಜೂನ್ ಮೂರರಂದು ಹಾನಗಲ್ಲಿನ ಮಿಶನ್ ಚರ್ಚಿನ ಹಿರಿಯರು ಸಭೆ ಸೇರಿ, ಪರದೇಶದ ಕುರುಡರಿಗೆ ದೃಷ್ಟಿ ಕೊಡತಕ್ಕದ್ದೆಂದು ಒಮ್ಮತದಿಂದ ಠರಾಯಿಸಿದರು. ಪರದೇಶವೆಂದರೆ ಮೊಂಬಾಸಾ. ಅದು ಎಲ್ಲಿದೆಯೆಂದು ಯಾರೂ ಕೇಳಲಿಲ್ಲ. ದೂರವಿದ್ದರೆ ಸಾಕಿತ್ತು.

ಏಳು ಮಂದಿ ಸ್ವಯಂಸೇವಕರು ಹೆಸರು ಕೊಟ್ಟರು. ಪ್ರತಿ ಸೋಮವಾರ ಕಣ್ಣಿಗೆ ಅರಿವೆಯ ಪಟ್ಟಿ ಕಟ್ಟುವ ಅಭ್ಯಾಸ. ಅಭ್ಯಾಸಕ್ಕೆ ಕಣ್ಣು ಬೇಕು. ಚರ್ಚಿನ ಹಿಂದಿನ ಓಣಿಯ ಉಡಚವ್ವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೌದಿ ಹೊಲಿದು ಬದುಕುವವಳು. ಹೊಲಿಗೆ ಸೊಟ್ಟಗಾಗತೊಡಗಿದ ಮೇಲೆ ಜನ ಹಳೇ ಸೀರೆ ತಂದುಕೊಡುವುದನ್ನು ನಿಲ್ಲಿಸಿದ್ದರು. ಆಕೆಯನ್ನು ಕರೆತಂದು ಬೆಂಚಿನ ಮೇಲೆ ಕೂಡಿಸಿದರು. ಎಂಟು ಸೋಮವಾರ ಏಳೂ ಮಂದಿ ಪಟ್ಟಿ ಕಟ್ಟಿದರು, ಬಿಚ್ಚಿದರು.

ಒಂಬತ್ತನೆಯ ಸೋಮವಾರ ಆಕೆ ಅಧ್ಯಕ್ಷ ಯಾಕೋಬಪ್ಪನವರನ್ನು ಕೇಳಿದಳು:

‘ಯಪ್ಪಾ, ಅರಿವಿ ಕಟ್ಟೋದು ಸಾಕಾತ್ರಿ. ಪೊರೆ ಯಾವಾಗ ತಗೀತೀರಿ?’

‘ಔಷಧ, ಹತಾರ ಎಲ್ಲಾ ಪರದೇಶದ ಸಲುವಾಗಿ ಬಂದಾವ. ನಾಲ್ಕನೇ ನಿಯಮ ಐತಿ. ನೀ ಹಾನಗಲ್ಲಾಕಿ.’

‘ಹಾನಗಲ್ಲಾಕಿಗೆ ಕಣ್ಣು ಬ್ಯಾಡೇನ್ರಿ?’

ಯಾಕೋಬಪ್ಪನವರು ಇದಕ್ಕೆ ನಿಯಮ ಹುಡುಕಿದರು. ಇರಲಿಲ್ಲ. ಮೇಲಾಗಿ ಆಕೆಗೆ ಕಣ್ಣು ಬಂದರೆ ಅಭ್ಯಾಸಕ್ಕೆ ಬೇರೆ ಕುರುಡರನ್ನು ಹುಡುಕಬೇಕಾದೀತೆಂದು ಶಾಂತವಾಗಿ ವಿವರಿಸಿದರು.

ಅಷ್ಟರಲ್ಲಿ, ಯುದ್ಧದ ನಿಮಿತ್ತ ಹಡಗಿನಲ್ಲಿ ಜಾಗವಿಲ್ಲವೆಂದು ಮುಂಬಯಿಯಿಂದ ಕಾಗದ ಬಂತು. ಗೊತ್ತುಮಾಡಿದ್ದ ಕಣ್ಣಿನ ಡಾಕ್ಟರರು ವರ್ಷದ ಕೊನೆಗೆ ಪಲ್ಟನ್ನಿಗೆ ಹೋಗುವವರಿದ್ದರು. ಅವರಿರುವಾಗಲೇ ಪರದೇಶ ಆಗಬೇಕಿತ್ತು. ಚರ್ಚಿನ ಕಾರಕೂನ ಶಂಕ್ರಪ್ಪ ಗೋಡೆಯ ನಕಾಶೆ ನೋಡಿದ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕೆಂಪು. ಸವಣೂರು ಹಳದಿ. ಸವಣೂರು ನವಾಬರ ಸಂಸ್ಥಾನ, ಇಂಗ್ರೇಜಿ ಸರಕಾರದ್ದಲ್ಲ. ಆದಕಾರಣ ಪರದೇಶ. ಠರಾವಿನಲ್ಲಿ ಮೊಂಬಾಸಾ ಹೊಡೆದು ಸವಣೂರು ಎಂದು ಬರೆಯಲಾಯಿತು.

ಉಳಿದ ಸಿದ್ಧತೆ ಬದಲಾಗಲಿಲ್ಲ. ಸಿಡುಬು ಬಾರದಿರಲೆಂದು ಏಳೂ ಮಂದಿ ತೋಳಿಗೆ ದೇವಿ ಹಾಕಿಸಿಕೊಂಡರು. ಮೃತ್ಯುಪತ್ರ ಬರೆದಿಟ್ಟರು. ಹಡಗಿನ ಓಕರಿಕೆಗೆಂದು ತರಿಸಿದ್ದ ಗುಳಿಗೆಗಳನ್ನು ಚಕ್ಕಡಿಯಲ್ಲಿ ಕುಳಿತು ನುಂಗಿದರು. ಹೆಂಗಸರು ಊರ ಅಗಸಿಬಾಗಿಲಿನವರೆಗೆ ಬಂದು ಅತ್ತರು. ಅವರಲ್ಲಿ ಇಬ್ಬರಿಗೆ ಸವಣೂರು ತವರುಮನೆ. ಅವರೂ ಅತ್ತರು.

ಉಡಚವ್ವ ತಡವರಿಸುತ್ತ ಬಂದು ಚಕ್ಕಡಿಯ ಗೂಟ ಹಿಡಿದು ನಿಂತಳು. ತಾನೂ ಬರುವುದಾಗಿ ಹೇಳಿದಳು. ಬಂದ ಮಾತ್ರಕ್ಕೆ ಪರದೇಶದವಳಾಗುವುದಿಲ್ಲವೆಂದು ತಿಳಿಸಲಾಯಿತು. ಗೂಟ ಬಿಡಲಿಲ್ಲ. ಚಕ್ಕಡಿ ಹೊಡೆಯುವ ಉಸ್ಮಾನಸಾಬ ಸವಣೂರಿನವನು. ಅವನಿಗೆ ಹೊತ್ತಾಗುತ್ತಿತ್ತು.

‘ನಮ್ಮ ಅಕ್ಕ ಅಂತ ಬರಕೊಳ್ರಿ,’ ಎಂದ.

‘ಉಡಚವ್ವ ನಿನಗ ಅಕ್ಕ ಹೆಂಗ ಆಕ್ಕಾಳೋ?’ ಎಂದು ಕೇಳಿದ ಶಂಕ್ರಪ್ಪ.

‘ಪರದೇಶದಾಗ ಏನೇನೋ ಇರ್ತಾವ್ರಿ.’

ಶಂಕ್ರಪ್ಪ ಬರೆದುಕೊಂಡ.

ಸವಣೂರಿನಲ್ಲಿ ಡಾಕ್ಟರರು ಆಕೆಯ ಬಲಗಣ್ಣಿನ ಪೊರೆ ತೆಗೆದರು. ಒಮ್ಮೆಗೆ ಒಂದೇ ಕಣ್ಣು. ಎಡಗಣ್ಣು ಡಿಸೆಂಬರಿನಲ್ಲಿ, ಎರಡನೆಯ ಪರದೇಶ ಪ್ರವಾಸದಲ್ಲಿ. ಅದೂ ಪರದೇಶದವರಿಗೆ ಮಾತ್ರ.

ದಪ್ಪ ಕನ್ನಡಕ ಬಂದ ಮೇಲೆ ಒಂದು ಭಾನುವಾರ ಹಾನಗಲ್ಲಿನ ಚರ್ಚಿನಲ್ಲಿ ಆಕೆಗೆ ಸ್ವಾಗತ ನಡೆಯಿತು. ಕರಿಹಲಗೆಯ ಮೇಲೆ ‘ಪರದೇಶದ ಅತಿಥಿ’ ಎಂದು ಬರೆದಿದ್ದರು. ಅತಿಥಿಯ ಮಾತನ್ನು ತರ್ಜುಮೆ ಮಾಡಲು ಯಾಕೋಬಪ್ಪನವರು ಪಕ್ಕದಲ್ಲಿ ನಿಂತರು.

‘ಆರು ವರ್ಷಾತು, ಈ ಊರು ಕಣ್ಣಿಗೆ ಕಂಡಿದ್ದಿಲ್ಲ,’ ಎಂದಳು ಉಡಚವ್ವ.

‘ನಮ್ಮ ಊರನ್ನು ಇವರು ಇದೇ ಮೊದಲ ಸಲ ನೋಡುತ್ತಿದ್ದಾರಂತೆ,’ ಎಂದರು ಯಾಕೋಬಪ್ಪನವರು.

ಜನ ತಲೆದೂಗಿದರು. ತರ್ಜುಮೆಯಿಂದ ತಿಳಿಯಿತು ಎಂದರು.

ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಮನೆಯ ಶೇಖವ್ವ ಬಂದಳು. ಇಬ್ಬರೂ ಮೂವತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು. ಶೇಖವ್ವ ಸೆರಗು ಸರಿಮಾಡಿಕೊಂಡು ಕೈಮುಗಿದಳು.

‘ನಿಮ್ಮ ದೇಶದಾಗ ಮಳಿ ಹೆಂಗೈತ್ರಿ?’

ಉಡಚವ್ವ ಒಂದು ಕಣ್ಣಿನಿಂದ ಆಕೆಯನ್ನು ನೋಡಿದಳು. ಇನ್ನೊಂದು ಕಣ್ಣು ಬಾಕಿಯಿತ್ತು.

‘ಚಲೋ ಆಗೇತ್ರಿ,’ ಎಂದಳು.